ದೊಡ್ಡ ಡಾಕ್ಟರ ಬಲಗೈ

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟಿದ್ದಾನೆ. ಆದರೆ ಆ ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಹೆದರುತ್ತಿದ್ದುದು ಒಂದೇ ಕೈಗೆ, ದೊಡ್ಡ ಡಾಕ್ಟರ ಬಲಗೈಗೆ. ಕಲಿಯುವವರ ಪರೀಕ್ಷೆಯ ದಿನ ಅವರು ಕೈಗಳನ್ನು ಎದೆಗೆ ಕಟ್ಟಿಕೊಂಡು ಎದುರಿಗೆ ನಿಲ್ಲುತ್ತಿದ್ದರು. ಆ ಕೈ ಬಿಚ್ಚಿ ಗಾಯದೊಳಕ್ಕೆ ಇಳಿಯಿತೆಂದರೆ ಹುಡುಗ ನಪಾಸು. ಇನ್ನೊಂದು ವರ್ಷ, ಬೇರೆಯವರು ಆಪರೇಷನ್ ಮಾಡುವಾಗ ಗಾಯ ಅಗಲಿಸಿ ಹಿಡಿಯುವ ಕೊಕ್ಕೆಯೇ ಗತಿ.

ಹಾಗೆ ಹಿಡಿದೂ ಹಿಡಿದೂ ನಮ್ಮ ಕಿರಿಯ ಡಾಕ್ಟರಿಗೆ ‘ಕೊಕ್ಕೆ’ ಎಂದೇ ಹೆಸರು ಬಿದ್ದಿತ್ತು. “ಊಟಕ್ಕೆ ಕೂತಾಗ್ಲಾದ್ರೂ ಬೆರಳು ಸಡಿಲ ಬಿಡ್ರೀ” ಎಂದು ಹೆಂಡತಿ ಗೊಣಗುತ್ತಿದ್ದಳು.

ಇವತ್ತು ಮತ್ತೆ ಪರೀಕ್ಷೆ. ಮಲಗಿದ್ದವರು, ಎಲ್ಲೋ ಪಾಠ ಹೇಳಿ ನಿವೃತ್ತರಾದ ಒಬ್ಬ ತಾತ. ಬಲಗಡೆ ಹರ್ನಿಯಾ. “ಎಡಗಡೆಯೂ ಒಂದಿದೆ, ಚಿಕ್ಕದು, ಕಾಯುತ್ತೆ. ಇದನ್ನ ಕಲಿಯೋ ಹುಡುಗನೇ ಮಾಡ್ಲಿ” ಎಂದು ತಾತನೇ ನಿನ್ನೆ ಹೇಳಿದ್ದರು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿತ್ತು. ಮುಖಕ್ಕೆ ಪರದೆ ಅಡ್ಡವಿತ್ತು, ಬಾಯಿಗೆ ಏನೂ ಅಡ್ಡವಿರಲಿಲ್ಲ.

“ಚಾಕು ಹಿಡಿದಿರೋದು ಯಾರಪ್ಪಾ?”

“ನಾನು, ತಾತ.”

“ಉಸಿರಾಡ್ತಾ ಇದೀಯಾ?”

“ಹ್ಞೂಂ.”

“ಜೋರಾಗಿ ಆಡು. ನನಗೆ ಕೇಳಿಸ್ತಿಲ್ಲ.”

“ನಿದ್ದೆ ಇಂಜೆಕ್ಷನ್ ಕೊಡ್ಲಾ ತಾತ?” ಎಂದರು ಅರಿವಳಿಕೆ ಡಾಕ್ಟರು.

“ಬೇಡಪ್ಪ. ಪಾಠದಲ್ಲಿ ನಿದ್ದೆ ಮಾಡೋರನ್ನ ನಾನು ಆಚೆ ಕಳಿಸ್ತಿದ್ದೆ.”

ಕೊಕ್ಕೆ ಚರ್ಮ ಸೀಳಿದ. ಕಣ್ಣೆತ್ತಿದರೆ ದೊಡ್ಡ ಡಾಕ್ಟರ ಹಣೆಯ ಮೇಲೆ ಬೆವರು! ಯಾರ ಮುಂದೆಯೂ ಬೆವರದ ಮನುಷ್ಯ. ನಾನು ಅಷ್ಟು ಕೆಟ್ಟದಾಗಿ ಮಾಡುತ್ತಿದ್ದೇನೆಯೇ ಎಂದುಕೊಂಡ ಇವನು.

“ಅವರ ಮುಖ ನೋಡ್ಬೇಡಿ, ಗಾಯ ನೋಡಿ” ಎಂದು ಸಿಸ್ಟರ್ ಪಿಸುಗುಟ್ಟಿದರು. ಅರಿವಳಿಕೆ ಡಾಕ್ಟರು ಅರ್ಥಗರ್ಭಿತವಾಗಿ ಕೆಮ್ಮಿದರು. ಯಾವ ಅರ್ಥವೆಂದು ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ರಕ್ತನಾಳ ಇಕ್ಕಳದಿಂದ ಜಾರಿತು. ಗಾಯದ ತುಂಬ ಕೆಂಪು. ಎದುರಿಗೆ, ಕಟ್ಟಿದ ಕೈ ಬಿಚ್ಚಿತು. ಕೊಕ್ಕೆ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಹತ್ತಿಬಟ್ಟೆ ಒತ್ತಿ, ಕೈ ಚಾಚಿದ. ಸಿಸ್ಟರ್ ಇಕ್ಕಳ ಇಟ್ಟರು. ನಾಳ ಸಿಕ್ಕಿತು, ರಕ್ತ ನಿಂತಿತು. ಆಗ, ಎಲ್ಲ ಮುಗಿದ ಮೇಲೆ, ಆ ದೊಡ್ಡ ಬಲಗೈ ಗಾಯದೊಳಕ್ಕೆ ಇಳಿಯಿತು.

ಥಿಯೇಟರಿನಲ್ಲಿ ಯಂತ್ರದ ಸದ್ದೊಂದೇ ಉಳಿಯಿತು.

“ಯಾಕೆ ಎಲ್ಲಾ ಸುಮ್ನಾದ್ರಿ?” ಪರದೆಯ ಆಚೆಯಿಂದ ತಾತ. “ಕೈ ಹಾಕಿದ್ನಾ?”

ಸಿಸ್ಟರ್ ಪರದೆಯ ಕಡೆ ಬಾಗಿ, “ರಕ್ತ ನಿಂತ ಮೇಲೆ ಹಾಕಿದ್ರು ತಾತ” ಎಂದರು.

“ಏನೋ, ಇನ್ನೂ ತಡ್ಕೊಳೋದು ಕಲೀಲಿಲ್ವೇನೋ ನೀನು?”

ಇಡೀ ಆಸ್ಪತ್ರೆಯನ್ನು ನಡುಗಿಸುವ ದೊಡ್ಡ ಡಾಕ್ಟರು ಒಂದನೇ ಕ್ಲಾಸಿನ ಹುಡುಗನಂತೆ ತಲೆ ತಗ್ಗಿಸಿ, “ತಪ್ಪಾಯ್ತು ಗುರುಗಳೇ” ಎಂದರು. ಅವರಿಗೆ ಚಾಕು ಹಿಡಿಯಲು ಕಲಿಸಿದವರೇ ಈ ತಾತ!

“ಕೈ ಕಟ್ಟಿ ನಿಲ್ಲೋ ನಿಯಮ ಮಾಡಿದ್ದು ನಾನು. ಕೈ ಒಳಗೆ ಹೋದ್ರೆ ನಪಾಸಾಗೋದು ಕಲಿಯೋನಲ್ಲ ಕಣೋ, ಕಲಿಸೋನು! ಅರ್ಧ ನಿಯಮ ಮರೆತು ಎಷ್ಟು ಮಕ್ಕಳನ್ನ ಗೋಳು ಹುಯ್ಕೊಂಡೆಯೋ!”

ಕೊಕ್ಕೆಯ ಎದೆಯ ಮೇಲಿದ್ದ ಬಂಡೆ ಉರುಳಿತು. ಉಳಿದ ಹೊಲಿಗೆಯನ್ನು ಹೂ ಪೋಣಿಸಿದಂತೆ ಹಾಕಿ ಮುಗಿಸಿದ.

ಹೊರಗೆ ಕೈ ತೊಳೆಯುವಾಗ ಮೆಲ್ಲಗೆ ಕೇಳಿದ, “ಸರ್, ಹಾಗಾದ್ರೆ ನಾನು ಪಾಸಾ?”

“ನೀನು ನಪಾಸಾಗಿಲ್ಲಪ್ಪ, ನಾನು ಆಗಿದೀನಿ. ಬರೋ ವರ್ಷ ಗುರುಗಳ ಎಡಗಡೆ ಹರ್ನಿಯಾಕ್ಕೆ ನನ್ನ ಮರುಪರೀಕ್ಷೆ. ಚಾಕು ನಿನ್ನ ಕೈಲೇ ಇರ್ಬೇಕಂತೆ. ಅಲ್ಲೀವರೆಗೂ ನಿನಗೆ ಮೊದಲಿಂದ ಕಲಿಸು ಅಂದಿದಾರೆ.”

“ಮೊದಲಿಂದ ಅಂದ್ರೆ, ಸರ್?”

ಸಿಸ್ಟರ್ ಆಗತಾನೇ ತೊಳೆದಿಟ್ಟಿದ್ದ ತಟ್ಟೆಯ ಕಡೆ ದೊಡ್ಡ ಡಾಕ್ಟರ ಬಲಗೈ ಚಾಚಿತು. ಅದರಿಂದ ಎತ್ತಿಕೊಂಡದ್ದನ್ನು, ಆಶೀರ್ವಾದ ಮಾಡುವಷ್ಟು ಮೃದುವಾಗಿ, ಅವನ ಅಂಗೈಯಲ್ಲಿಟ್ಟರು.

ಕೊಕ್ಕೆ.