ಶರಣನ ಎರಡನೇ ಮಾನಿಟರು

ತಪ್ಪೆಲ್ಲ ಒಂದು ಟಿಕ್ ಮಾರ್ಕಿನದು.

ಹುಬ್ಬಳ್ಳಿಯ ಕಂಪನಿಯೊಂದು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರುಗಳ ಪುಟ ಕಟ್ಟುವವರು ಬೇಕೆಂದು ಅರ್ಜಿ ಕರೆದಿತ್ತು. ‘ನಿಮ್ಮಲ್ಲಿ ಎರಡು ಮಾನಿಟರುಗಳಿವೆಯೇ?’ ಎಂದು ಅರ್ಜಿಯಲ್ಲಿ ಕೇಳಿದ್ದರು. ಇದ್ದದ್ದು ಒಂದೇ. ಯಾರು ಬಂದು ಎಣಿಸುತ್ತಾರೆ ಅಂದುಕೊಂಡು ಶರಣ ‘ಇವೆ’ ಎಂಬಲ್ಲಿ ಟಿಕ್ ಹಾಕಿದ್ದ. ಎಣಿಸುವವರು ಬಂದೇಬಿಟ್ಟರು. ‘ಇಂದು ಮಧ್ಯಾಹ್ನ ಮೂರಕ್ಕೆ ವಿಡಿಯೋ ಸಂದರ್ಶನ. ಎರಡೂ ಮಾನಿಟರ್ ತೋರಿಸತಕ್ಕದ್ದು’ ಎಂಬ ಸಂದೇಶ ಅವನು ಹಲ್ಲುಜ್ಜುತ್ತಿದ್ದಾಗಲೇ ಬಂತು. ಪೇಸ್ಟು ಗಂಟಲಿಗಿಳಿಯಿತು.

ಇದು ಮೂರನೆಯ ಸಂದರ್ಶನ. ಇದೂ ಕೈಕೊಟ್ಟರೆ ಸೋಮವಾರದಿಂದ ಸೋದರಮಾವ ಶಂಕ್ರಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಿರ್ಸಿಯ ಬನವಾಸಿ ರಸ್ತೆಯ ಆ ಅಂಗಡಿ ನಾಲ್ಕೇ ಮನೆ ಆಚೆ. ಶರಣನಿಗೆ ಮಾತ್ರ ಅಲ್ಲಿ ಕೂರುವುದೆಂದರೆ ಗೋಣಿಚೀಲದೊಳಗಿನ ಬೆಕ್ಕಾದಂತೆ.

ಆದರೂ ಎರಡನೆಯ ಮಾನಿಟರು ಇದ್ದದ್ದು ಅದೇ ಅಂಗಡಿಯಲ್ಲಿ. ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಕಳ್ಳರ ಮೇಲೆ ಕಣ್ಣಿಡಲು ಮಾವ ಅದನ್ನು ಗಲ್ಲೆಯ ಪಕ್ಕ ಇಟ್ಟಿದ್ದ.

“ಮಾವಾ, ಒಂದ್ ದಿನದ ಮಟ್ಟಿಗೆ ಕೊಡ್ರಿ,” ಎಂದ ಶರಣ.

“ಮತ್ತ ನನ್ನ ಅಂಗಡಿ ಯಾರು ನೋಡ್ಬೇಕೋ?” ಶಂಕ್ರಪ್ಪ ತಕ್ಕಡಿಯಿಂದ ತಲೆಯೆತ್ತಲಿಲ್ಲ. “ಒಯ್ಯಿ. ಆದ್ರ ಅದು ನಿಮ್ಮನ್ಯಾಗ ಇರೋಷ್ಟು ಹೊತ್ತು ಅದ್ರಾಗ ನನ್ನ ಅಂಗಡಿ ಕಾಣ್ತಿರಬೇಕು. ನೀ ನೋಡ್ತಿರಬೇಕು.”

ಶರಣ ಒಪ್ಪಿಕೊಂಡು, ಮಾನಿಟರನ್ನು ಹಸುಗೂಸಿನಂತೆ ಟವೆಲ್ಲಿನಲ್ಲಿ ಸುತ್ತಿ, ಮಳೆಯಲ್ಲಿ ಓಡಿದ. ಮನೆಗೆ ಬಂದು ನೋಡಿದರೆ ಅದರ ವೈರು ಇವನ ಕಂಪ್ಯೂಟರಿಗೆ ಕೂರುವುದಿಲ್ಲ. ಮೊಬೈಲ್ ರಿಪೇರಿಯ ಶಂಭುಲಿಂಗ ವೈರಿನ ಮೂತಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರ ಕನ್ವರ್ಟರ್ ಯಲ್ಲಾಪುರದಾಗ ಸಿಗ್ಬೌದು ನೋಡಪಾ,” ಎಂದ. ಶರಣನ ಮುಖ ಬಾಡಿದ್ದು ಕಂಡು ಕನಿಕರವಾಗಿ, ತನ್ನದೇ ಟಿವಿಯ ಹಿಂದಿನಿಂದ ಒಂದನ್ನು ಕಿತ್ತುಕೊಟ್ಟ. “ಸಂಜಿಗೆ ವಾಪಸ್ ತಾ. ಇಲ್ಲಾಂದ್ರ ಮನ್ಯಾಗ ನನಗ ಊಟ ಇಲ್ಲ.”

ಹನ್ನೆರಡರ ಹೊತ್ತಿಗೆ ಎರಡೂ ಮಾನಿಟರು ಅಕ್ಕಪಕ್ಕ ಬೆಳಗಿದವು. ಒಂದರಲ್ಲಿ ಶರಣ ಕಟ್ಟಿದ ಲಗ್ನಪತ್ರಿಕೆ, ಇನ್ನೊಂದರಲ್ಲಿ ಇಂಟರ್ನೆಟ್ಟಿನಲ್ಲಿ ಹರಿದುಬರುವ ಮಾವನ ಅಂಗಡಿ. ಮೌಸಿನ ಬಾಣವನ್ನು ಒಂದರಿಂದ ಇನ್ನೊಂದಕ್ಕೆ ಹಾರಿಸಿ ಹಾರಿಸಿ ನೋಡಿ ಅವನು ಹಿಗ್ಗಿಹೋದ.

ಅಷ್ಟರಲ್ಲಿ ಪಕ್ಕದ ಮನೆಯ ಪಾರ್ವತವ್ವ ಮೊರದ ತುಂಬ ಬೆಳ್ಳುಳ್ಳಿ ಹಿಡಿದು ಒಳಬಂದಳು. ಅವಳ ಮನೆಯ ಟಿವಿ ಕೆಟ್ಟು ಧಾರಾವಾಹಿ ತಪ್ಪಿತ್ತು.

“ಇದ್ಯಾವ ಸೀರಿಯಲ್ಲೋ ಶರಣಾ?”

“ಸೀರಿಯಲ್ ಅಲ್ಲ ದೊಡ್ಡವ್ವಾ, ಮಾವನ ಅಂಗಡಿ.”

“ಹೌದಾ!” ಅವಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. “ಅಯ್ಯ, ತಿಮ್ಮಿ ನೋಡು, ಎರಡು ಕಿಲೋ ಸಕ್ಕರಿ ಒಯ್ಯಾಕತ್ತಾಳ. ಅಕಿ ಮನಿಗೆ ಗಂಡಿನ ಕಡ್ಯಾರು ಬರ್ತಾರನು? ಮಾದೇವ ನೋಡು, ಡಾಕ್ಟರ್ ಬ್ಯಾಡಂದ್ರೂ ಬೀಡಿ ತಗೊಂಡ. ಇದು ಭಾಳ ಛಲೋ ಐತಿ. ನಡುವ ಅಡ್ವಟೈಸೂ ಇಲ್ಲ!”

ಎರಡೂವರೆಗೆ ಶರಣ ಅಂಗಿ ಇಸ್ತ್ರಿ ಮಾಡಲು ಒಳಗೆ ಹೋದ. ತಿರುಗಿ ಬಂದರೆ ಎರಡೂ ಪರದೆ ಕಪ್ಪಾಗಿದ್ದವು. ತಾಯಿ ಗಿರಿಜವ್ವ ವೈರುಗಳನ್ನೆಲ್ಲ ಕಿತ್ತು, ಮಾನಿಟರುಗಳನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ದಾಸವಾಳ ಸಿಕ್ಕಿಸಿ ಊದುಬತ್ತಿ ಬೆಳಗುತ್ತಿದ್ದಳು.

“ಅವ್ವಾ! ಏನ್ ಮಾಡಾಕತ್ತೀ?”

“ಹೊಸ ಸಾಮಾನು ಪೂಜಿ ಇಲ್ದ ಚಾಲೂ ಮಾಡ್ತಾರನು? ಅಣ್ಣಂದು ಬಲಕ್ಕಿಟ್ಟೀನಿ, ಹಿರೇರದು.”

ಮೂರಕ್ಕೆ ಹತ್ತು ನಿಮಿಷ. ಶರಣ ಕೈಗೆ ಸಿಕ್ಕ ವೈರನ್ನು ಕಂಡ ತೂತಿಗೆ ಸಿಕ್ಕಿಸಿದ. ಎರಡೂ ಬೆಳಗಿದವು. ಆದರೆ ಬಾಣವನ್ನು ಬಲಕ್ಕೆ ಓಡಿಸಿದರೆ ಅದು ಎಡತುದಿಯಿಂದ ಇಣುಕತೊಡಗಿತು. ಸರಿಪಡಿಸುವುದರೊಳಗೆ ಕರೆ ಬಂತು.

ಸಂದರ್ಶನ ಮಾಡುವ ಶಿವರಂಜನಿ ಮೇಡಂ ಕಣ್ಣು ಕಿರಿದು ಮಾಡಿದರು. “ಶರಣ ಅವರೇ, ನೀವು ಕಾಣ್ತಾನೇ ಇಲ್ಲ. ಬರೀ ಬೆಳ್ಳಗಿದೆ.”

“ಮಳೆಗಾಲ ಅಲ್ರೀ ಮೇಡಂ. ಸಿರ್ಸಿ ಕಡೆ ಮಂಜು ಭಾಳ.”

“ಮನೆಯೊಳಗೂನಾ?”

ಆಗ ಹೊಳೆಯಿತು. ಮಾನಿಟರಿನ ನೆತ್ತಿಯ ಮೇಲಿದ್ದ ಕ್ಯಾಮೆರಾ ಅವ್ವನಿಗೆ ಹಣೆಗಣ್ಣಿನಂತೆ ಕಂಡಿದ್ದಿರಬೇಕು. ಅದಕ್ಕೆ ಎರಡು ಪಟ್ಟು ವಿಭೂತಿ ಬಳಿದಿದ್ದಳು. ಶರಣ ಕಣ್ಸನ್ನೆ ಮಾಡಿದ. ಗಿರಿಜವ್ವ ಬಂದು ಸೆರಗಿನಿಂದ ಒರೆಸಿದಳು. ಮಂಜು ಸರಿಯಿತು, ಮೇಡಮ್ಮಿಗೆ ಮೊದಲು ಒಂದು ಹೆಬ್ಬೆರಳು, ಆಮೇಲೆ ಶರಣ ಕಂಡ. ಅವನು ಕ್ಯಾಮೆರಾ ತಿರುಗಿಸಿ ಎರಡೂ ಮಾನಿಟರು ತೋರಿಸಿದ.

“ಎರಡಿವೆ. ಒಳ್ಳೇದು. ಈಗ ನಿಮ್ಮ ಕೆಲಸ ತೋರ್ಸಿ.”

ತನ್ನ ಪರದೆಯನ್ನು ಮೇಡಮ್ಮಿಗೆ ತೋರಿಸಲು ಶರಣ ‘ಒಂದನೆಯ ಪರದೆ’ ಎಂಬುದನ್ನು ಒತ್ತಿದ. ವೈರು ಅದಲುಬದಲಾಗಿದ್ದು ಅವನಿಗೆ ಮರೆತೇಹೋಗಿತ್ತು. “ಇದು ಸಾಂಪ್ರದಾಯಿಕ ಶೈಲಿಯ ಲಗ್ನಪತ್ರಿಕೆ ಮೇಡಂ. ನಡುವೆ ನೋಡ್ರಿ, ವಧು-ವರ—”

ಹುಬ್ಬಳ್ಳಿಗೆ ಕಂಡದ್ದು ಶಂಕ್ರಪ್ಪ, ಮತ್ತು ಅವನೆದುರು ಕೆಂಪು ಅಂಗಿಯ ಒಬ್ಬ ಗಿರಾಕಿ.

“ಏ ಶರಣಾ!” ಹಿಂದಿನಿಂದ ಪಾರ್ವತವ್ವ ಕಿರುಚಿದಳು. ಬೆಳ್ಳುಳ್ಳಿ ನೆಲದ ತುಂಬ ಉರುಳಿದವು. “ಆ ಕೆಂಪು ಅಂಗಿಯಾಂವನ ನೋಡು! ಬ್ಯಾಳಿ ಡಬ್ಬಿ ತೋರಿಸಿ ನಿಮ್ಮ ಮಾವನ್ನ ಹಿಂದಕ್ಕ ತಿರುಗಿಸಿದ. ಎಣ್ಣಿ ಪಾಕೀಟು ಛತ್ರಿಯೊಳಗ ಇಳಿಸಿದ. ಒಂದು... ಎರಡು!”

ಶರಣ ಬಾಯಿ ತೆರೆಯುವುದರೊಳಗೆ ಅವಳು ಅವನದೇ ಮೊಬೈಲಿನಿಂದ ಫೋನು ಹಚ್ಚಿಯಾಗಿತ್ತು. “ಶಂಕ್ರಪ್ಪಾ, ಆತನ ಛತ್ರಿ ಬಿಚ್ಚು!”

ಪರದೆಯ ಮೇಲೆ ಶಂಕ್ರಪ್ಪ ಛತ್ರಿ ಕಸಿದು ಬಿಚ್ಚಿದ. ಎರಡು ಎಣ್ಣೆ ಪಾಕೀಟು, ಒಂದು ಸಾಬೂನು, ಒಂದು ಬಿಸ್ಕೀಟು ದಬದಬ ಉದುರಿದವು. ಸಾಬೂನು, ಬಿಸ್ಕೀಟು ತೆಗೆದದ್ದು ಪಾರ್ವತವ್ವನಿಗೂ ಕಂಡಿರಲಿಲ್ಲ. ಅದಕ್ಕಾಗಿ ಅವಳು ತಲೆ ಚಚ್ಚಿಕೊಂಡಳು.

ಹುಬ್ಬಳ್ಳಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಶರಣನ ಎದೆ ಅರಳಿತು.

“ಮೇಡಂ, ಹಂಗಾದ್ರ ನಾನು...”

“ಶರಣ ಅವರೇ, ನೀವು ಸ್ವಲ್ಪ ಪಕ್ಕಕ್ಕೆ ಸರಿತೀರಾ?” ಎಂದರು ಶಿವರಂಜನಿ. “ಪತ್ರಿಕೆ ಕೆಲಸಕ್ಕೆ ಬೆಳಿಗ್ಗೆ ನೋಡಿದವರನ್ನೇ ತಗೋತೀವಿ. ಆದರೆ ಮನೆಯಿಂದಲೇ ಅಂಗಡಿಗಳ ಕ್ಯಾಮೆರಾ ಕಾಯೋ ವಿಭಾಗವೂ ನಮ್ಮಲ್ಲಿದೆ. ಅದಕ್ಕೆ ಮೂರು ತಿಂಗಳಿಂದ ಜನ ಹುಡುಕ್ತಿದೀವಿ. ಆ ಅಮ್ಮ ಯಾರ್ರೀ?”

ಸೋಮವಾರ ಬಂತು. ಶರಣನ ಕುರ್ಚಿಯ ಮೇಲೆ, ಶರಣನ ಎರಡು ಮಾನಿಟರುಗಳ ಮುಂದೆ, ಪಾರ್ವತವ್ವ ಹೊಸ ಸೀರೆಯುಟ್ಟು ಹಾವೇರಿಯ ಎಂಟು ಅಂಗಡಿಗಳನ್ನು ಕಾಯುತ್ತ ಕೂತಳು. ಗಿರಿಜವ್ವ ತಾಸಿಗೊಮ್ಮೆ ಚಹಾ ಕೊಟ್ಟಳು. ಶಂಕ್ರಪ್ಪನೂ ತನ್ನ ಮಾನಿಟರು ವಾಪಸ್ ಬೇಡವೆಂದ. ಒಂಬತ್ತನೆಯದಾಗಿ ತನ್ನ ಅಂಗಡಿಯನ್ನೂ ನೋಡಿಕೊಂಡರೆ ಸಾಕು ಅಂದ.

ಆ ಅಂಗಡಿಯಲ್ಲಿ ಶರಣ ಕೂತಿದ್ದ. ಹತ್ತು ನಿಮಿಷಕ್ಕೇ ಫೋನು ಬಂತು.

“ಶರಣಾ, ಆಕಳಿಸಿದ್ದು ಸಾಕು. ಬೆಲ್ಲದ ಡಬ್ಬಿ ಮುಚ್ಚು, ಇರುವಿ ಹತ್ಯಾವ.”

ಮುಚ್ಚಿದ. ಮತ್ತೆ ಬಂತು. “ಬೆನ್ನು ನೆಟ್ಟಗ ಮಾಡು.”

ಐದನೆಯ ಫೋನಿನ ನಂತರ ಅವನಿಗೊಂದು ಉಪಾಯ ಹೊಳೆಯಿತು. ಮಾವನ ದೇವರಪಟದ ಮುಂದಿನ ವಿಭೂತಿ ಗಟ್ಟಿ ತೆಗೆದು, ಸ್ಟೂಲ್ ಹತ್ತಿ, ಕ್ಯಾಮೆರಾದ ಕಣ್ಣಿಗೆ ಭಕ್ತಿಯಿಂದ ಮೂರು ಪಟ್ಟೆ ಎಳೆದ. ತೃಪ್ತಿಯಾಗದೆ ನಾಲ್ಕನೆಯದನ್ನೂ ಎಳೆದ. ಫೋನು ಬಂತು.

“ಯಾಕೋ, ಏನೂ ಕಾಣವಲ್ದು?”

“ಮಂಜು ದೊಡ್ಡವ್ವಾ,” ಶರಣ ಸ್ಟೂಲಿನ ಮೇಲಿಂದಲೇ ಹೇಳಿದ. “ಸಿರ್ಸಿ ಅಲ್ಲೇನು.”

“ಹೌದಪಾ, ಮಂಜು ಭಾಳ,” ಎಂದಳು ಪಾರ್ವತವ್ವ. “ಅದಕ್ಕ ನಿನ್ನಿ ನಿಮ್ಮ ಮಾವಗ ಹೇಳಿ ನಿನ್ನ ಬೆನ್ನ ಹಿಂದ ಎರಡನೇ ಕ್ಯಾಮೆರಾ ಹಾಕಿಸೀನಿ. ಅದ್ರಾಗ ಸ್ವಚ್ಛ ಕಾಣ್ತದ. ಸಾವಕಾಶ ಇಳಿ, ಆ ಸ್ಟೂಲಿನ ಕಾಲು ಅಲಗಾಡತೈತಿ.”