ಅಕ್ಕನ ಸಕ್ಕರೆಗೆ ನಾನೇ ಕಾವಲು

ಬಸುರಿಗೆ ಸಕ್ಕರೆ ಕಾಯಿಲೆ ಬಂದ ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ ಅಂದುಕೊಂಡಿದ್ದರೆ ನಮ್ಮವರ ನಡುವೆ ಒಂದು ವಾರ ಇದ್ದು ನೋಡಬೇಕು. ನಗೋ ಪ್ರಸಂಗ ಹುಡುಕಿಕೊಂಡು ಹೋಗೋದೇ ಬ್ಯಾಡ, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ.

ನಾನು ನಂದಿಗುಡಿಯವನು. ದಾವಣಗೆರೆಯ ಒಂದು ಲ್ಯಾಬಿನಲ್ಲಿ ಕೆಲಸ. ಬೈಕ್ ಮೇಲೆ ಮನೆಮನೆಗೆ ಹೋಗಿ ರಕ್ತ ತಗೊಂಡು ಬರುತ್ತೇನೆ. ನರ ಸಿಗಲಿಲ್ಲ ಅಂತ ಬೇರೆಯವರು ಬಿಟ್ಟು ಬಂದ ಕೈಯಿಂದಲೂ ಒಂದೇ ಸಲಕ್ಕೆ ತೆಗೆದವನು ನಾನು. ವಿನೋಬನಗರದ ಅಜ್ಜಿಯರು ಫೋನ್ ಮಾಡಿ ‘ಆ ಹಳ್ಳಿ ಹುಡುಗನ್ನೇ ಕಳಿಸ್ರಿ’ ಅಂತಾರೆ. ಇದು ಜಂಬ ಅಲ್ಲ, ಇದ್ದದ್ದು ಹೇಳಿದೆ. ಹಂಗಾಗಿ ಹರಿಹರಕ್ಕೆ ಕೊಟ್ಟ ನಮ್ಮ ಅಕ್ಕನಿಗೆ ಬಸುರಿನಲ್ಲಿ ಸಕ್ಕರೆ ಏರಿದೆ ಅಂತ ಗೊತ್ತಾದಾಗ ಭಾವ ಹೆದರಿದರು, ನಾನು ಹೆದರಲಿಲ್ಲ. ‘ನಾನಿದೀನಲ್ಲ ಭಾವ, ನೀವು ಅಂಗಡಿ ನೋಡ್ಕೋರಿ’ ಅಂದೆ.

ಅಂಗೈಯಗಲದ ಕೂಸು

ದಾವಣಗೆರೆಯ ಡಾಕ್ಟ್ರಮ್ಮ ಅಕ್ಕನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ‘ಊಟ, ನಡಿಗೆ ಎರಡರಲ್ಲೇ ಹದಕ್ಕೆ ಬಂದರೆ ಸರಿ, ಬರದಿದ್ದರೆ ಇನ್ಸುಲಿನ್. ತಾಯಿ ಸಕ್ಕರೆ ಕೂಸಿಗೂ ಹರೀತದೆ. ಹೊಟ್ಟೆಯೊಳಗೇ ಅದು ಅತಿಯಾಗಿ ಬೆಳೀಬಹುದು. ಮುಂದೆ ಅದಕ್ಕೂ ಈ ಕಾಯಿಲೆ ಬರೋ ಸಂಭವ ಜಾಸ್ತಿ.’

ಅಕ್ಕ ಹೊಟ್ಟೆ ಮೇಲೆ ಕೈ ಇಟ್ಟುಕೊಂಡಳು. ಜತೆಗೆ ಬಂದಿದ್ದ ನಮ್ಮಜ್ಜಿ ನಡುವೆ ಬಾಯಿ ಹಾಕಿದಳು.

‘ಕೂಸು ದೊಡ್ಡದಾದ್ರೆ ಒಳ್ಳೇದಲ್ಲೇನ್ರಿ? ಇವನು ಹುಟ್ಟಿದಾಗ ಅಂಗೈಯಗಲ ಇದ್ದ. ಹತ್ತಿಯೊಳಗೆ ಸುತ್ತಿ ಮೊರದಾಗ ಮಲಗಿಸಿದ್ವಿ. ಆಮ್ಯಾಲೆ ತುಪ್ಪ, ಬೆಲ್ಲ ತಿನ್ಸಿ ತಿನ್ಸಿ ಹೆಂಗೆ ಮಾಡೀನಿ ನೋಡ್ರಿ’ ಅಂತ ನನ್ನ ತೋಳು ಹಿಡಿದು ತೋರಿಸಿದಳು. ನಾನೂ ಎದೆ ಉಬ್ಬಿಸಿ ನಿಂತೆ.

ಡಾಕ್ಟ್ರಮ್ಮ ಎದೆ ನೋಡಲಿಲ್ಲ, ಅದರ ಕೆಳಗಿನ ಹೊಟ್ಟೆ ನೋಡಿದರು. ‘ತೀರ ಸಣ್ಣಗೆ ಹುಟ್ಟಿ ಬೇಗ ದಪ್ಪ ಆದೋರಿಗೂ ಈ ಕಾಯಿಲೆ ಹತ್ರ ಅಜ್ಜಿ. ಕಮ್ಮಿಯೊಳಗೆ ಬದುಕೋಕೆ ಕಲಿತು ಬಂದ ಮೈ ಅದು. ಅದರ ಮೇಲೆ ರಾಶಿ ಹೊಯ್ದರೆ ಏನು ಮಾಡ್ಬೇಕು ಪಾಪ?’ ಆಮೇಲೆ ನನ್ನ ಕಡೆ ತಿರುಗಿ, ‘ದಿನಾ ಎಷ್ಟು ನಡೀತೀಯಪ್ಪ?’

‘ಬೈಕ್ ಐತೆ ಮೇಡಂ’ ಅಂದೆ.

‘ಹಂಗಾದ್ರೆ ಬೈಕಿಗೆ ಸಕ್ಕರೆ ಕಾಯಿಲೆ ಬರೋದಿಲ್ಲ ಬಿಡು.’

ಮನೆ ಬಿಟ್ಟು ಹೊಂಟವರು

ಊಟವಾದ ಮೇಲೆ, ಸಂಜೆಗೂ ಒಂದಿಷ್ಟು, ಅಕ್ಕ ನಡೆಯಬೇಕು. ಸಂಜೆ ಕೆಲಸ ಮುಗಿಸಿ ನಾನು ಹರಿಹರಕ್ಕೆ ಹೋಗಿ ಅವಳನ್ನು ಹೊಳೆ ಕಡೆ ಕರಕೊಂಡು ಹೋಗೋದು ಅಂತ ಗೊತ್ತುಮಾಡಿದ್ವಿ. ಆದರೆ ಬಸುರಿ ಹೆಂಗಸು ತವರಿನ ತಮ್ಮನ ಜತೆ ಮುಸ್ಸಂಜೆ ಹೊತ್ತು ಮನೆಯಿಂದ ಹೊರಬಿದ್ದರೆ ಅವರ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಮುದುಕಿ ಕೂಗಿ ಕೇಳಿದಳು.

‘ಯಾಕವ್ವಾ, ಅತ್ತೆ ಏನರ ಅಂದ್ಳಾ?’

‘ಇಲ್ಲ ದೊಡ್ಡಮ್ಮ, ವಾಕಿಂಗ್’ ಅಂದಳು ಅಕ್ಕ.

‘ಇರ್ಲಿ ಬಿಡು. ನಾನೂ ಬಸುರಿದ್ದಾಗ ಎರಡು ಸಲ ಹಿಂಗೇ ವಾಕಿಂಗ್ ಹೋಗಿದ್ದೆ. ನಮ್ಮಪ್ಪ ವಾಪಸ್ ಕರಕೊಂಬಂದು ಬಿಟ್ಟ.’

ಸುದ್ದಿ ಅಕ್ಕನ ಅತ್ತೆಗೆ ಮುಟ್ಟಿತು. ಮಾನಕ್ಕೆ ಅಂಜೋ ಹೆಂಗಸು. ಮರುದಿನ ‘ನಾನೂ ಬರ್ತೀನಿ, ಜನ ನೋಡ್ಲಿ’ ಅಂತ ಸೆರಗು ಸಿಗಿಸಿದರು. ಅಕ್ಕ ಬಿರಬಿರನೆ ಮುಂದೆ, ಮಂಡಿನೋವಿನ ಅತ್ತೆ ಏದುಸಿರು ಬಿಡುತ್ತ ಹಿಂದೆ, ಅವರ ಚೀಲ ಹಿಡಿದುಕೊಂಡು ಕೊನೆಗೆ ನಾನು. ಕಟ್ಟೆಯಿಂದ ಅದೇ ದನಿ ಬಂತು:

‘ಅಯ್ಯೋ ಪಾಪ, ಸೊಸೆನೇ ಅತ್ತೇನ ಬಸ್ ಹತ್ಸೋಕೆ ಹೊಂಟಾಳ ನೋಡ್ರಿ.’

ಹಾರಿಹೋದ ಅಕ್ಕಿ

ವಿನೋಬನಗರದ ಕಿರಾಣಿ ಅಂಗಡಿ ಯಜಮಾನರು ನನ್ನ ಹಳೇ ಗಿರಾಕಿ. ಸಕ್ಕರೆ ಕಾಯಿಲೆಯಲ್ಲಿ ಅನುಭವಸ್ಥರು. ಅಕ್ಕನಿಗೆ ಏನು ತಿನ್ನಿಸಬಹುದು ಅಂತ ಅವರನ್ನೂ ಒಂದು ಮಾತು ಕೇಳಿದೆ.

‘ಮಂಡಕ್ಕಿ ತಿನ್ಸು ತಮ್ಮಾ. ರಾತ್ರಿ ಅನ್ನ ಬಿಟ್ಟು ನಾನು ಅದನ್ನೇ ತಿನ್ನೋದು. ನೋಡಿಲ್ಲಿ’ ಅಂತ ತಕ್ಕಡಿಗೆ ಒಂದು ಬೊಗಸೆ ಸುರಿದರು. ಮುಳ್ಳು ಅಲುಗಲಿಲ್ಲ. ‘ತೂಕನೇ ಇಲ್ಲ. ಇದರಾಗೆ ಸಕ್ಕರೆ ಎಲ್ಲಿಂದ ಬರ್ಬೇಕು?’

‘ಯಜಮಾನ್ರೇ, ಅದೂ ಅಕ್ಕಿನೇ ಅಲ್ಲೇನ್ರಿ?’

‘ಅಕ್ಕಿ ಇತ್ತಪ್ಪ. ಹುರಿದಾಗ ಹಾರಿಹೋತು.’

ಹಿಂದಿನ ದಿನ ನಾನೇ ತೆಗೆದ ರಕ್ತದಲ್ಲಿ ಅವರ ಸಕ್ಕರೆ ಮುನ್ನೂರು ದಾಟಿತ್ತು. ಹೇಳಿದೆ. ಅವರು ತಕ್ಕಡಿಯಲ್ಲಿದ್ದದ್ದನ್ನು ಚೀಲಕ್ಕೆ ಸುರಿದು, ‘ಅದು ಮಂಡಕ್ಕಿದಲ್ಲ, ಜತೆಗಿದ್ದ ಮಿರ್ಚಿ ಬಜ್ಜಿದು’ ಅಂದರು.

ಕುಬುಸ

ಏಳನೇ ತಿಂಗಳಿಗೆ ತವರಿನವರು ಕುಬುಸ ಮಾಡಬೇಕು. ಬಸುರಿಗೆ ಹೊಸ ಸೀರೆ, ಕುಬುಸ ತೊಡಿಸಿ ಮುತ್ತೈದೆಯರು ಒಬ್ಬೊಬ್ಬರಾಗಿ ಸಿಹಿ ತಿನ್ನಿಸಿ ಉಡಿ ತುಂಬುತ್ತಾರೆ. ನಮ್ಮ ದುರ್ದೈವಕ್ಕೆ ಡಾಕ್ಟ್ರಮ್ಮ ಕರೆದಿದ್ದೂ ಅವತ್ತೇ. ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ ಸಕ್ಕರೆ ನೋಡಿ, ಇನ್ಸುಲಿನ್ ಬೇಕೋ ಬ್ಯಾಡವೋ ಹೇಳುವುದಿತ್ತು.

ಅಜ್ಜಿ ನಂದಿಗುಡಿಯಿಂದ ಒಂದು ಟೆಂಪೋ ಹೆಂಗಸರ ಜತೆ ಹರಿಹರಕ್ಕೆ ಬಂದಿಳಿದಳು. ಬುಟ್ಟಿ ತುಂಬ ಹೋಳಿಗೆ, ಕರ್ಜಿಕಾಯಿ, ಶೇಂಗಾ ಉಂಡಿ, ರವೆ ಉಂಡಿ.

‘ಅಜ್ಜಿ, ಅಕ್ಕ ಇದನ್ನ ಮುಟ್ಟಂಗಿಲ್ಲ.’

‘ಕುಬುಸದ ತುತ್ತು ಬ್ಯಾಡ ಅಂದ್ರೆ ಕೂಸಿನ ಕಿವಿ ಸೋರ್ತದೋ. ಇಷ್ಟು ಮಂದಿ ಎತ್ತಿದ ಕೈ ಏನು ಮಾಡ್ಬೇಕು?’

ಅಕ್ಕನ ಮುಖ ಸಣ್ಣಗಾಯಿತು. ಬ್ಯಾಡ ಅಂದರೆ ಅಜ್ಜಿಗೆ ನೋವು, ತಿಂದರೆ ಕೂಸಿಗೆ. ನಾನು ಮುಂದೆ ಬಂದೆ. ‘ಅವಳ ಪಾಲಿಂದು ನನಗೆ ತಿನ್ಸು. ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದೋರು, ಕೂಸಿಗೆ ಗೊತ್ತಾಗೋದಿಲ್ಲ.’

ಅಜ್ಜಿ ಅಕ್ಕನ ಅತ್ತೆಯನ್ನು ನೋಡಿದಳು. ಅವರು ‘ಆಗ್ಬಹುದು’ ಅಂದುಬಿಟ್ಟರು.

ಅಕ್ಕನ ಪಕ್ಕ ನನಗೊಂದು ಮಣೆ ಬಿತ್ತು. ಅವಳ ಬಾಯಿಗೆ ರೊಟ್ಟಿ, ಕಾಳುಪಲ್ಯ. ನನ್ನ ಬಾಯಿಗೆ ಹೋಳಿಗೆ. ಶಾಸ್ತ್ರ ಅರ್ಧ ಆಗಬಾರ್ದು ಅಂತ ಅಜ್ಜಿ ನನಗೂ ಹಸಿರು ಸೀರೆ ಹೊದಿಸಿ, ಹಣೆಗೆ ಕುಂಕುಮ ಬಳಿದು, ಉಡಿಗೆ ತೆಂಗಿನಕಾಯಿ ಇಟ್ಟಳು. ‘ಇವನಿಗೆ ಎಷ್ಟರಾಗೈತೆ?’ ಅಂತ ಒಬ್ಬಳು ಕೇಳಿದರೆ, ‘ಹೊಟ್ಟೆ ನೋಡಿದ್ರೆ ಅಕ್ಕನಕಿಂತ ಮೊದಲು ಹಡೀತಾನ’ ಅಂದಳು ಇನ್ನೊಬ್ಬಳು. ನಾನು ಜಗ್ಗಲಿಲ್ಲ. ತುತ್ತಿಗೆ ಸೋತ ಅಂತ ನಂದಿಗುಡಿಯಲ್ಲಿ ಹೆಸರು ಉಳಿಯಬಾರದು. ಬುಟ್ಟಿಯ ತಳ ಕಾಣೋವರೆಗೆ ತಿಂದೆ.

ಎರಡು ತಾಸಿಗೆ ಎಲ್ಲರೂ ದಾವಣಗೆರೆಯಲ್ಲಿದ್ದೆವು. ಅಜ್ಜಿ ಬಾಗಿಲಲ್ಲೇ ನಡೆದದ್ದೆಲ್ಲ ಒಪ್ಪಿಸಿದಳು. ಡಾಕ್ಟ್ರಮ್ಮ ಅಕ್ಕನ ಬೆರಳು ಚುಚ್ಚಿ ನೋಡಿ, ‘ಹದದಲ್ಲೈತೆ. ಸದ್ಯಕ್ಕೆ ಇನ್ಸುಲಿನ್ ಬ್ಯಾಡ, ಹಿಂಗೇ ನಡೆಸ್ಕೊಂಡು ಹೋಗು’ ಅಂದರು. ಅಕ್ಕ ಅತ್ತೆಯ ಹೆಗಲಿಗೆ ತಲೆ ಇಟ್ಟು ಅತ್ತುಬಿಟ್ಟಳು.

ನಾನು ಕುಂಕುಮ ಸಮೇತ ಗೋಡೆಗೆ ಒರಗಿ ಬೆವರುತ್ತಿದ್ದೆ. ಡಾಕ್ಟ್ರಮ್ಮ ನನ್ನ ಬೆರಳನ್ನೂ ಎಳೆದು ಚುಚ್ಚಿದರು. ಮೀಟರ್ ನೋಡಿದರು, ನನ್ನ ನೋಡಿದರು, ಮತ್ತೆ ಮೀಟರ್ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದರು:

‘ನೀನು ಆರಾಮಾಗಿ ಮನೆಗೆ ಹೋಗವ್ವ. ಈ ಬಸುರೀನ ಮಾತ್ರ ಇಲ್ಲೇ ಬಿಟ್ಟು ಹೋಗು.’