ಮೂರನೇ ಕುಂಡ ಬಾಡಲಿಲ್ಲ

"ಈ ರೋಗದ ಜನ್ಮ ಜಾಲಾಡದಿದ್ರೆ ನಾನು ಗಡಿಯಾರ ರಿಪೇರಿಯವನೇ ಅಲ್ಲ!"

ಗಂಡ ಬಾಲ್ಕನಿಯಲ್ಲಿ ನಿಂತು ಹೀಗೆ ಗುಡುಗಿದಾಗ ಹೆಂಡತಿಯ ಎದೆ ಧಸಕ್ಕೆಂದಿತು. ಅಲ್ಲಿದ್ದದ್ದು ಆರು ಜೆರೇನಿಯಂ ಕುಂಡಗಳು. ಆರನೆಯದು ಅವಳ ಅಮ್ಮ ಸಾಯುವ ಮುಂಚೆ ಕೈಯಾರೆ ನೆಟ್ಟುಕೊಟ್ಟದ್ದು. ಅದೊಂದು ಉಳಿದರೆ ಸಾಕಿತ್ತು ಅವಳಿಗೆ.

ಮೊದಲ ಕುಂಡದ ಗಿಡ ಆಗಲೇ ಜೋತುಬಿದ್ದಿತ್ತು. ಆತ ಅಂಗಡಿಯ ಪುಟ್ಟ ಚಾಕುವಿನಿಂದ ಅದರ ಒಂದು ಕವಲು ಕತ್ತರಿಸಿ, ಲೋಟದ ತಿಳಿನೀರಿಗೆ ಇಳಿಬಿಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆಯೊಂದು ಹೊರಟು, ಸದ್ದಿಲ್ಲದೆ ತಳಕ್ಕಿಳಿಯಿತು.

"ಬ್ಯಾಕ್ಟೀರಿಯಾ! ಕೋಟಿಗಟ್ಟಲೆ!"

"ಅಯ್ಯೋ, ಅದು ನಾನು ನೀರು ಕುಡಿಯೋ ಲೋಟ ರೀ!"

ಗೆದ್ದವನನ್ನು ಹಿಡಿಯುವವರುಂಟೆ? ಹದಿನೈದು ದಿನಕ್ಕೊಂದು ಭಾನುವಾರ, ಒಂದೊಂದೇ ಕುಂಡದ ತಪಾಸಣೆ. ಚಾಕುವನ್ನು ಅಂಗಿಗೆ ಒರೆಸಿದರೆ ಮುಗಿಯಿತು!

ಆಮೇಲೆ ಶುರುವಾಯಿತು ಮೈ ಜುಮ್ಮೆನ್ನಿಸುವ ಆಟ. ಎರಡನೆಯ ಗಿಡ ಒಂದು ಬೆಳಗ್ಗೆ ತಲೆ ಬಗ್ಗಿಸಿತು. ಮುಂದೆ ನಾಲ್ಕನೆಯದು. ಆಮೇಲೆ ಐದನೆಯದು. ಬಾಲ್ಕನಿಯ ಬಾಗಿಲು ಹಾಕಿಯೇ ಇತ್ತು. ನಡುವೆ ಮೂರನೆಯದು ಮಾತ್ರ ಕೆಂಪಗೆ ಅರಳಿಕೊಂಡು ಅವರನ್ನೇ ನೋಡುತ್ತಿತ್ತು.

"ಯಾರೋ ಸಾಲಾಗಿ ಮುಟ್ಕೊಂಡು ಬರ್ತಿದಾರೆ ರೀ," ಹೆಂಡತಿ ಪಿಸುಗುಟ್ಟಿದಳು. "ಮೂರನೇದನ್ನ ಯಾಕೆ ಬಿಟ್ರು?"

ಆತನ ಬೆನ್ನಲ್ಲಿ ಚಳಿ ಹರಿಯಿತು. ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಆದರೂ ಗತ್ತು ಬಿಡಲಾದೀತೆ? ಮುಂದಿನ ಸರದಿಯ ಭಾನುವಾರ ಆರನೆಯದರ ಕವಲು ಕತ್ತರಿಸಿದ. ಯಾಕೋ ಕತ್ತರಿಸುವುದೇ ಕಷ್ಟವಾಯಿತು. ನೀರಿಗಿಟ್ಟ. ಐದು ನಿಮಿಷ. ಹತ್ತು ನಿಮಿಷ. ನೀರು ತಿಳಿಯಾಗಿಯೇ ಇತ್ತು.

"ಒಂದೇ ಒಂದು ಎಳೆ ಇಲ್ಲ! ಇಷ್ಟು ಗಟ್ಟಿಮುಟ್ಟಾದ ಗಿಡ ನನ್ನ ಜನ್ಮದಲ್ಲೇ ನೋಡಿಲ್ಲ ಕಣೇ!"

"ಗಟ್ಟಿ ಇರ್ಲೇಬೇಕಲ್ಲ. ಪ್ಲಾಸ್ಟಿಕ್‌ದು. ನಿನ್ನೆ ತಂದಿಟ್ಟೆ."

ಭೂತಗನ್ನಡಿ ಕಳಚಿ ಲೋಟದೊಳಗೆ ಬಿತ್ತು.

"ಮೂರನೇ ಕುಂಡದ ಭಾನುವಾರ ನಿಮಗೆ ಜ್ವರ. ನೆನಪಿದ್ಯಾ? ಆ ರೋಗದ ಚಾಕು ಮುಟ್ಲಿಲ್ಲ, ಗಿಡ ಉಳೀತು."

ಆತ ಕೈಯಲ್ಲಿದ್ದ ಚಾಕುವನ್ನು ನೋಡಿದ. ಇಷ್ಟು ದಿನ ಬಾಲ್ಕನಿಯಲ್ಲಿ ಸಾಲಾಗಿ ನಡೆದುಬಂದವನ ಗುರುತು ಆತನಿಗೆ ಈಗ ಸಿಕ್ಕಿತ್ತು. ಚಾಕುವನ್ನು ಮೆಲ್ಲಗೆ ಕೆಳಗಿಟ್ಟ.

"ಹಾಗಾದ್ರೆ... ನಿಮ್ಮಮ್ಮನ ಗಿಡ?"

"ಪಕ್ಕದ ಮನೇಲಿದೆ."

"ಚೆನ್ನಾಗಿದ್ಯಾ?"

"ನೀವು ಪರೀಕ್ಷೆ ಮಾಡದೇ ಇದ್ರೆ, ಚೆನ್ನಾಗೇ ಇರುತ್ತೆ."